ಗಜನಿಂಬೆ ಸಿಪ್ಪೆಗೆ ಬಿದ್ದ ಉಪ್ಪು

ಮಾಡದಕೆರೆಯ ಮಲ್ಲಕ್ಕನಿಗೆ ಆ ಫೋನು ಬಂದಾಗಿನಿಂದ ಕೂತರೆ ಮಂಚ ಚುಚ್ಚುತ್ತಿತ್ತು, ನಿಂತರೆ ನೆಲ ಸುಡುತ್ತಿತ್ತು. ಹಿತ್ತಲಿಗೂ ಬಾಗಿಲಿಗೂ ಅವಳು ನಡೆದದ್ದನ್ನು ಉದ್ದಕ್ಕೆ ಹಾಸಿದ್ದರೆ ಚಿತ್ರದುರ್ಗ ಮುಟ್ಟಿ ವಾಪಸ್ ಬರಬಹುದಿತ್ತು.

ಫೋನು ಮಾಡಿದವಳು ಮೊಮ್ಮಗಳು ಸುಮಾ. ಚಿತ್ರದುರ್ಗದ ಕಾಲೇಜಿನಲ್ಲಿ ಓದುವವಳು. ಗಾಯದಲ್ಲಿ ಕೀವು ಮಾಡುವ ಕ್ರಿಮಿಯನ್ನು ಗಜನಿಂಬೆ ಸಿಪ್ಪೆಯ ಸಾರ ಕೊಲ್ಲುತ್ತದೋ ಇಲ್ಲವೋ ನೋಡುವುದು ಅವಳ ಪ್ರಾಜೆಕ್ಟು. ಸಿಪ್ಪೆ ಒಣಗಿಸಿ ಕಳಿಸುವುದು ಅಜ್ಜಿಯ ಕೆಲಸ.

"ಅಜ್ಜಿ, ನಿನ್ ಸಿಪ್ಪೆ ಗೆದ್ದುಬಿಡ್ತು! ತಟ್ಟೆ ತುಂಬಾ ಕ್ರಿಮಿ ಬೆಳೆಸಿದ್ದೆ. ಸಾರ ಇಟ್ಟ ಕಡೆ ರೂಪಾಯಿ ಬಿಲ್ಲೆಗಿಂತ ಅಗಲಕ್ಕೆ ಒಂದು ಕ್ರಿಮಿನೂ ಇಲ್ಲ. ನಾಡಿದ್ದು ಎಲ್ಲರ ಮುಂದೆ ತೋರಿಸ್ಬೇಕು."

"ಹೌದೇನವ್ವ" ಎಂದು ಫೋನಿಟ್ಟ ಮಲ್ಲಕ್ಕನಿಗೆ ಉಪ್ಪಿನ ಡಬ್ಬಿ ನೆನಪಾಯಿತು. ಸಿಪ್ಪೆ ಹರವಿದ ಎರಡನೇ ದಿನ ಮೋಡ ಮುಚ್ಚಿತ್ತು. ಬೂಸು ಹಿಡಿದೀತೆಂದು ಉಪ್ಪು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ್ದಳು. ಅರವತ್ತು ವರ್ಷ ಉಪ್ಪಿನಕಾಯಿ, ಬಾಳಕ ಮಾಡಿದ ಕೈ, ಯಾರನ್ನೂ ಕೇಳಲಿಲ್ಲ. ಹಳದಿ ಸಿಪ್ಪೆಯ ಮೇಲೆ ಅರಿಶಿನ ಯಾರಿಗೆ ಕಾಣುತ್ತದೆ? ಕುರಿ ಗಾಯಕ್ಕೆ ಉಪ್ಪು ಅರಿಶಿನ ಮೆತ್ತಿ ಬೆಳೆದವಳು ಅವಳು. ಕ್ರಿಮಿ ಕೊಂದದ್ದು ಸಿಪ್ಪೆಯೋ, ತನ್ನ ಉಪ್ಪಿನ ಡಬ್ಬಿಯೋ? ಎಲ್ಲರ ಮುಂದೆ ಮೊಮ್ಮಗಳು ಸುಳ್ಳು ಹೇಳಿದಂತಾಗುವುದಿಲ್ಲವೇ? ನಿಜ ಹೇಳಿಬಿಟ್ಟರೆ ಅವಳ ಆರು ತಿಂಗಳ ಕೆಲಸ ಮಣ್ಣುಪಾಲು.

ಸಂಜೆ ಎದುರುಮನೆ ದ್ಯಾಮಮ್ಮ ಹುಣ್ಣಾದ ಕಾಲು ಎಳೆದುಕೊಂಡು ಬಂದಳು.

"ಒಂದ್ ಬೊಗಸೆ ಸಿಪ್ಪೆ ಕೊಡೇ ಮಲ್ಲಕ್ಕ. ಕಷಾಯ ಕುಡಿದ್ರೆ ಇಮ್ಯುನಿಟಿ ಬರ್ತತಂತೆ. ಡಾಕ್ಟ್ರ ಮಾತ್ರೆ ಬಿಟ್ಟೆ."

"ಯಾರೇ ಹೇಳಿದ್ದು?"

"ನೀನೇ ಕಣೇ! ಸುಮನ ಸಿಪ್ಪೆ ಕುಡಿದ್ರೆ ಯಮನೂ ಹೊಸದುರ್ಗದಲ್ಲೇ ಬಸ್ ಇಳ್ದು ವಾಪಸ್ ಹೋಗ್ತಾನೆ ಅಂದಿಲ್ವಾ?"

"ನಾನು ಸಾವಿರ ಅಂತೀನಿ. ಮಾತ್ರೆ ನುಂಗೇ ಮೊದ್ಲು!"

ದ್ಯಾಮಮ್ಮನ ಮನೆಗೇ ಹೋಗಿ, ಅವಳು ನುಂಗುವವರೆಗೆ ಮಲ್ಲಕ್ಕ ಎದುರಿಗೇ ನಿಂತಳು. ಉಪ್ಪು ಸಾಲದೆ ಹಾಗೇ ಒಣಗಿಸಿದ್ದ ಒಂದು ಮೊರ ಸಿಪ್ಪೆ ಅಟ್ಟದ ಮೇಲಿತ್ತು. ಅದನ್ನು ಗಂಟು ಕಟ್ಟಿ ಮರುದಿನ ಮೊದಲ ಬಸ್ಸು ಹತ್ತಿದಳು.

ಕಾಲೇಜಿನ ಲ್ಯಾಬಿನಲ್ಲಿ ವಿಷಯ ಕೇಳಿ ಸುಮಾ ಸ್ಟೂಲಿನ ಮೇಲೆ ಕುಸಿದಳು. "ಅಜ್ಜಿ, ಉಪ್ಪು ಹಾಕ್ಬೇಡ ಅಂತ ನಾನು ಹೇಳ್ಲಿಲ್ಲ."

"ಹಾಕು ಅಂತಾನೂ ಹೇಳ್ಲಿಲ್ಲ. ಅಳೋದು ಆಮೇಲೆ. ಮೊದ್ಲು ಕುಟ್ಟು."

ಕುಟ್ಟಿ, ನೆನೆಸಿ, ಸೋಸಿ ತಟ್ಟೆಗಿಡುವಾಗ ಸಂಜೆಯಾಗಿತ್ತು. ಸುಮಾ ಪಕ್ಕದ ತಟ್ಟೆಗೆ ಬರೀ ಉಪ್ಪು ಅರಿಶಿನದ ನೀರನ್ನೂ ಇಟ್ಟಳು. ಬೆಳಗಾಗುವಷ್ಟರಲ್ಲಿ ಮಲ್ಲಕ್ಕ ಏಳು ಜನ್ಮ ಮುಗಿಸಿದ್ದಳು.

ಉಪ್ಪು ಅರಿಶಿನದ ಸುತ್ತ ಕ್ರಿಮಿ ಇಲ್ಲದ ಖಾಲಿ ಜಾಗ ಅಗಲಕ್ಕೆ ಬಿದ್ದಿತ್ತು. ಸಿಪ್ಪೆಯ ಸುತ್ತಲೂ ಬಿದ್ದಿತ್ತು, ಆದರೆ ಕಿರುಬೆರಳ ಉಗುರಿನಷ್ಟು.

"ಇಷ್ಟೇನಾ?"

"ಇಷ್ಟೇ. ಆದ್ರೆ ಇದು ಸಿಪ್ಪೆದೇ." ಸುಮಾ ಸ್ಕೇಲಿನಿಂದ ಅಳೆದು ಬರೆದುಕೊಂಡಳು. "ಇದ್ನೇ ತೋರಿಸ್ತೀನಿ. ಉಪ್ಪಿನ ಕಥೆನೂ ಹೇಳ್ತೀನಿ."

"ನನ್ ಹೆಸರು ಹೇಳ್ಬೇಡ ಮತ್ತೆ! ಅಲ್ಲವ್ವ, ಕುಡಿದ್ರೆ ಶಕ್ತಿ ಬರ್ತತೋ?"

"ತಟ್ಟೇಲಿ ಕ್ರಿಮಿ ಸತ್ರೆ ಮೈಗೆ ಶಕ್ತಿ ಬಂತು ಅಂತಲ್ಲ ಅಜ್ಜಿ. ಅದನ್ನ ಬೇರೆನೇ ನೋಡ್ಬೇಕು, ಇನ್ನೂ ಗೊತ್ತಿಲ್ಲ."

ಮಲ್ಲಕ್ಕ ಸರಕ್ಕನೆ ಎದ್ದಳು. "ಆ ಫೋನ್ ಕೊಡಿಲ್ಲಿ. ದ್ಯಾಮಿ ಇವತ್ತಿನ ಮಾತ್ರೆ ನುಂಗಿದ್ಲೋ ಇಲ್ವೋ."