ಬೆಡ್‌ಶೀಟಿನ ಷರಾ

ನಮ್ಮ ಸೋದರತ್ತೆಯ ಕೈ ಕಟ್ಟಿಹಾಕಿದವನು ನಾನೇ. ಭಾನುವಾರ ಮಧ್ಯಾಹ್ನ, ಚಹಾ ಆರುವುದರೊಳಗೆ, ಹನ್ನೊಂದು ಸಾಲಿನಲ್ಲಿ ಕೆಲಸ ಮುಗಿಸಿದೆ.

ಇಡೀ ಆಸ್ಪತ್ರೆಗೆ ಇರುವುದು ಒಂದೇ ದೊಡ್ಡ ಕಂಪ್ಯೂಟರು. ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಅದು, ಪಕ್ಕದಲ್ಲಿ ಅದನ್ನು ನೋಡಿಕೊಳ್ಳುವ ನಾನು. ಪ್ರತಿ ವಾರ್ಡಿನಲ್ಲೂ ಒಂದು ಪರದೆ, ಒಂದು ಕೀಬೋರ್ಡು. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಗಳಿಗೆಯಲ್ಲೇ ಯಂತ್ರ ತೀರ್ಮಾನ ಮಾಡಿಬಿಡುತ್ತದೆ: ಇವರು ಯಾರು, ಏನು ನೋಡಬಹುದು, ಎಲ್ಲಿ ಬರೆಯಬಹುದು. ಆ ತೀರ್ಮಾನವನ್ನು ಅದಕ್ಕೆ ಕಲಿಸಿಕೊಡುವವನು ನಾನು.

ಹಿಂದಿನ ತಿಂಗಳು ಒಂದು ವಿಚಾರಣೆ ನಡೆದಿತ್ತು. ನರ್ಸ್ ಬರೆದದ್ದು ಒಂದು, ಡಾಕ್ಟರು ಬರೆದದ್ದು ಇನ್ನೊಂದು ಎಂದು ಬಯಲಾಗಿ ಸೂಪರಿಂಟೆಂಡೆಂಟರ ಮುಖ ಸಣ್ಣದಾಗಿತ್ತು. ಅದಾದ ಮೇಲೆ ಅವರು ಹೊರಡಿಸಿದ ಆಜ್ಞೆ ಇದು: ನರ್ಸ್ ಲಾಗಿನ್ ಆದ ತಕ್ಷಣ ಅವಳ ಮುಂದೆ ಮೂರೇ ಆಯ್ಕೆ ಇರಬೇಕು. ಜ್ವರದ ಅಂಕಿ, ಊಟದ ಎಣಿಕೆ, ಬೆಡ್‌ಶೀಟು. ರೋಗಿಯ ಸ್ಥಿತಿ ಬರೆಯುವ ಪುಟ ಇನ್ನು ಡಾಕ್ಟರಿಗೆ ಮಾತ್ರ. ಇದನ್ನೇ ನಾನು ಭಾನುವಾರ ಹನ್ನೊಂದು ಸಾಲಿನಲ್ಲಿ ಯಂತ್ರಕ್ಕೆ ಕಲಿಸಿದ್ದು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಡಿದುಕೊಂಡಿತು. ಆರನೇ ವಾರ್ಡು, ಆಪರೇಷನ್ ಆದ ಹೆಂಗಸರದು. ಅಲ್ಲಿನ ಹಿರಿಯ ನರ್ಸ್ ನಮ್ಮತ್ತೆ.

"ಅಳಿಯಾ, ಬಾಯಿಗೆ ಬೀಗ ಹಾಕಿದ್ಯಲ್ಲ, ಬೀಗದ ಕೈ ಎಲ್ಲಿಟ್ಟಿದ್ದೀಯ?"

"ಅತ್ತೆ, ಮೇಲಿನವರ ಆರ್ಡರು."

"ಮೂವತ್ತೊಂದು ವರ್ಷ ಆಯ್ತು ಕಣೋ ನಾನು ಈ ಕೆಲಸಕ್ಕೆ ಬಂದು. ಬೆಡ್‌ಶೀಟ್ ಎಣಿಸೋಕಾ ಬಂದಿದ್ದು?"

ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದದ್ದು. ಅತ್ತೆಗೆ ಅದೊಂದನ್ನು ಮಾತ್ರ ದೇವರು ಕೊಟ್ಟಿಲ್ಲ.

ಮಂಗಳವಾರ ಹತ್ತು ಗಂಟೆಗೆ ಪಕ್ಕದ ಬಟ್ಟೆ ಒಗೆಯುವ ವಿಭಾಗದಿಂದ ನೊರೆಯಣ್ಣ ಬಂದ. ಮೊಣಕೈವರೆಗೂ ಸೋಪಿನ ನೊರೆ, ಕೈಯಲ್ಲಿ ಒದ್ದೆಯಾದ ಕಾಗದ. ವಾರ್ಡುಗಳಿಂದ ಬರುವ ಬೆಡ್‌ಶೀಟಿನ ಪಟ್ಟಿ ಅವನ ಪ್ರಿಂಟರಿನಲ್ಲಿ ಅಚ್ಚಾಗುತ್ತದೆ. 'ಕಲೆ ಇದೆ', 'ಹರಿದಿದೆ' ಎಂದು ಬರೆಯಲು ಬೇಕೆಂದು ಷರಾದ ಮನೆಯೊಂದನ್ನು ಮಾತ್ರ ನಾನು ತೆರೆದಿಟ್ಟಿದ್ದೆ. ನಲವತ್ತು ಅಕ್ಷರದ ಜಾಗ, ಅಷ್ಟೇ.

"ಸಾರ್, ಇದೇನಂತ ನೋಡಿ. ನಾನು ಬಟ್ಟೆ ಒಗೆಯೋನು. ಕಾಲು ಒಗೆಯೋಕೆ ನನಗೆ ಬರಲ್ಲ."

ಓದಿದೆ.

ಬೆಡ್ 9: ಶೀಟು ಸರಿ. ಮಲಗಿದವಳು ಸರಿಯಿಲ್ಲ, ವಾಂತಿ.
ಬೆಡ್ 11: ಶೀಟು ಒಣಗಿದೆ. ಅವಳ ನಾಲಿಗೆಯೂ.
ಬೆಡ್ 14: ಶೀಟು ಬಿಳುಪು. ಅಡಿಯ ಎಡಗಾಲು ಕೆಂಪು, ಊತ.

ಕೊಟ್ಟ ನಲವತ್ತು ಅಕ್ಷರದೊಳಗೆ, ಒಂದನ್ನೂ ಹೆಚ್ಚು ಮಾಡದೆ, ಹದಿನಾರು ಹಾಸಿಗೆಗಳ ಸುಖದುಃಖವನ್ನೂ ಅತ್ತೆ ಅಳೆದು ಕೂರಿಸಿದ್ದಳು. ಓದುತ್ತ ಓದುತ್ತ ನನಗೇ ತಿಳಿಯದೆ ದನಿ ಹೊರಗೆ ಬಂದಿತ್ತು. ನೊರೆಯಣ್ಣ ಕೈ ಒರೆಸಿಕೊಂಡು ಕೇಳುತ್ತ ನಿಂತಿದ್ದ.

ಆ ಪಟ್ಟಿಯ ಇನ್ನೊಂದು ಪ್ರತಿ ಸೂಪರಿಂಟೆಂಡೆಂಟರ ಮೇಜಿಗೂ ಹೋಗುತ್ತದೆ. ಹತ್ತೂವರೆಗೆ ಅವರೇ ಕೆಳಗಿಳಿದು ಬಂದರು.

"ಏನ್ರೀ ಇದು? ನಿಮ್ಮ ಅತ್ತೆಯಂತೆ?"

"ಹೌದು ಸಾರ್."

"ಷರಾದಲ್ಲಿ ಅಂಕಿ ಬಿಟ್ಟು ಬೇರೇನೂ ಬೀಳಬಾರದು, ಹಾಗೆ ಮಾಡಿ. ಹನ್ನೆರಡು ಗಂಟೆಯೊಳಗೆ."

ಅವರು ಹೋದರು. ಒಂದೇ ಸಾಲಿನ ಕೆಲಸ. ಕೀಬೋರ್ಡಿನ ಮೇಲೆ ಬೆರಳಿಟ್ಟೆ, ಆಮೇಲೆ ತೆಗೆದೆ. ಎಡಗಾಲು ಕೆಂಪು, ಊತ ಎಂಬ ಮಾತು ಕಿವಿಯಿಂದ ಹೋಗಲೊಲ್ಲದು. ಎದ್ದು ಮೆಟ್ಟಿಲು ಹತ್ತಿದೆ.

ಹದಿನಾಲ್ಕನೇ ಬೆಡ್ಡಿನಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಹೊಟ್ಟೆಯ ಆಪರೇಷನ್ ಆಗಿ ನಾಲ್ಕು ದಿನ. ತನ್ನ ಚೀಲದಿಂದ ಟೇಪು ತೆಗೆದು ತಾನೇ ಮೀನಖಂಡಕ್ಕೆ ಸುತ್ತಿಕೊಳ್ಳುತ್ತಿದ್ದಳು.

"ಬಲಗಾಲು ಹದಿಮೂರು ಇಂಚು. ಎಡಗಾಲು ಹದಿನೈದು ಚಿಲ್ಲರೆ" ಎಂದಳು ನನ್ನನ್ನು ನೋಡಿ. "ನಿನ್ನೆ ಹದಿನಾಲ್ಕಿತ್ತು. ನನ್ನ ಅಳತೆ ತಪ್ಪಲ್ಲಪ್ಪ. ಒಂದು ಪ್ಯಾಂಟೂ ವಾಪಸ್ ಬಂದಿಲ್ಲ ಇವತ್ತಿನವರೆಗೆ."

ಅತ್ತೆ ನನ್ನನ್ನು ಕಿಟಕಿಯ ಬಳಿಗೆ ಎಳೆದಳು. "ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ನನ್ನ ಅನುಮಾನ. ಅದು ಅಲ್ಲಿಂದ ಕಿತ್ತು ಎದೆಗೆ ಹೋದ್ರೆ ಮುಗೀತು. ಸ್ಕ್ಯಾನ್ ಆಗಬೇಕು."

"ಡಾಕ್ಟರಿಗೆ ಹೇಳಿದ್ಯಾ?"

"ಹೇಳದೆ ಇರ್ತೀನಾ? ನಿನ್ನೆ ಹೇಳಿದ್ದಕ್ಕೆ 'ಮಲಗಿ ಮಲಗಿ ಜೋಮು ಹಿಡಿದಿರುತ್ತೆ' ಅಂದ್ರು. ಇವತ್ತು ಬೆಳಿಗ್ಗೆ ಬಾಗಿಲಲ್ಲೇ ನಿಂತು 'ಬದಲಾವಣೆ ಇಲ್ಲ' ಅಂತ ಬರೆದು ಆಪರೇಷನ್ ಥಿಯೇಟರಿಗೆ ಹೋದ್ರು. ನಾಲ್ಕು ಗಂಟೆಗೆ ಮುಂಚೆ ಹೊರಗೆ ಬರಲ್ಲ. ಸ್ಕ್ಯಾನಿಂಗಿನವರಿಗೆ ಫೋನ್ ಮಾಡಿದೆ. 'ಸ್ಥಿತಿಯ ಪುಟದಲ್ಲಿ ಬದಲಾವಣೆ ಇಲ್ಲ ಅಂತಿದೆಯಲ್ಲ ಸಿಸ್ಟರ್, ಬರೆದಿದ್ರೆ ಈಗಲೇ ಕರ್ಕೊಳ್ತೀವಿ' ಅಂತಾರೆ. ಬರೆಯೋ ಜಾಗ ಬೆಡ್‌ಶೀಟಲ್ಲಿದೆ. ಅದನ್ನೂ ಕಿತ್ಕೊಳ್ಳೋಕೆ ಬಂದ್ಯೇನೋ?"

"ಹೂಂ, ಹಾಗಂತ ಹೇಳಿ ಕಳಿಸಿದ್ದಾರೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತೆ ಬೈಯದೆ ಹದಿನಾಲ್ಕನೇ ಬೆಡ್ಡಿಗೆ ಹೋಗಿ ಆ ಎಡಗಾಲಿನಡಿಗೆ ದಿಂಬು ಇಟ್ಟಳು.

ಕೆಳಗೆ ಬಂದು ಕುಳಿತೆ. ದೇವರೇ ಎಂದೆ, ಒಂದೇ ಸಲ. ಭಾನುವಾರದ ಹನ್ನೊಂದು ಸಾಲನ್ನೂ ಅಳಿಸಿದೆ. ಆರನೇ ವಾರ್ಡಿನದು ಮಾತ್ರ ಅಳಿಸಿ ಉಳಿದವರದು ಬಿಡಬಹುದಿತ್ತು, ಬಿಡಲಿಲ್ಲ. ಯಾರು ಅಳಿಸಿದರು ಎಂದು ಯಂತ್ರ ಕೇಳುವ ಜಾಗದಲ್ಲಿ ನನ್ನ ಹೆಸರನ್ನೇ ಬರೆದೆ. ಸೂಪರಿಂಟೆಂಡೆಂಟರಿಗೂ ಎರಡು ಸಾಲು ಕಳಿಸಿದೆ: "ನರ್ಸ್‌ಗಳ ಬರೆಯುವ ಹಕ್ಕನ್ನು ಹಿಂದಕ್ಕೆ ಕೊಟ್ಟಿದ್ದೇನೆ. ಕೊಟ್ಟವನು ನಾನು." ಆಮೇಲೆ ಎಲ್ಲ ವಾರ್ಡಿಗೂ ಫೋನು ಮಾಡಿದೆ. ಮೊದಲು ಆರಕ್ಕೆ.

"ಅತ್ತೆ, ಹೊರಗೆ ಬಂದು ಮತ್ತೆ ಲಾಗಿನ್ ಆಗು."

"ಆಗಿ?"

"ಬರೀ. ಎಷ್ಟು ಅಕ್ಷರ ಬೇಕೋ ಅಷ್ಟು."

ಹನ್ನೊಂದೂ ಮುಕ್ಕಾಲಿಗೆ ಟೇಲರಮ್ಮನನ್ನು ಗಾಲಿ ಮಂಚದಲ್ಲಿ, ನೆಲಮಾಳಿಗೆಯಲ್ಲೇ ಇರುವ ಸ್ಕ್ಯಾನಿಂಗ್ ಕೋಣೆಗೆ, ನನ್ನ ಬಾಗಿಲ ಮುಂದೆಯೇ ತಳ್ಳಿಕೊಂಡು ಹೋದರು. ಟೇಪು ಕೊರಳಲ್ಲೇ ಇತ್ತು. ಹನ್ನೆರಡೂ ಕಾಲಿಗೆ ಸ್ಕ್ಯಾನಿಂಗಿನವರ ಬರಹ ಪರದೆಗೆ ಬಂತು: ಎಡಗಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ತಕ್ಷಣ ಔಷಧಿ ಶುರುಮಾಡಿ. ಥಿಯೇಟರಿನಿಂದ ಇನ್ನೊಬ್ಬ ಡಾಕ್ಟರನ್ನು ಆರನೇ ವಾರ್ಡಿಗೆ ಓಡಿಸಿದರಂತೆ.

ಹನ್ನೆರಡೂವರೆಗೆ ಸೂಪರಿಂಟೆಂಡೆಂಟರು ಬಂದರು. ಬಾಗಿಲು ತಟ್ಟಲಿಲ್ಲ.

"ಹಾಕಿ ಅದನ್ನ ವಾಪಸ್. ಈಗಲೇ. ಆಮೇಲೆ ನಿಮ್ಮ ಲಾಗಿನ್ನಿಗೂ ಅದನ್ನೇ ಹಾಕಿ. ಜ್ವರ, ಊಟ, ಬೆಡ್‌ಶೀಟು. ಕೂತ್ಕೊಂಡು ಎಣಿಸಿ."

"ನನ್ನ ಕೈ ನಾನೇ ಕಟ್ಕೊಳ್ಳೋಕೆ ಆಗಲ್ಲ ಸಾರ್. ಬೇರೆಯವರನ್ನ ಕರೆಸಿ."

"ಬೇರೆ ಯಾರಿಗ್ರೀ ಬರುತ್ತೆ ಇದು?"

"ಯಾರಿಗೂ ಬರಲ್ಲ. ಹತ್ತು ವರ್ಷದಿಂದ ಒಬ್ಬ ಸಹಾಯಕನ್ನ ಕೊಡಿ ಅಂತ ಕೇಳ್ತಾನೇ ಇದ್ದೀನಿ."

ಅವರ ಕಿವಿ ಕೆಂಪಾಯಿತು. "ಕೆಲಸ ಹೋಗುತ್ತೆ, ಗೊತ್ತಾ?"

"ಹೋಗಲಿ. ಬರವಣಿಗೆಯಲ್ಲಿ ಕೊಡಿ. ಕಾರಣ ಅನ್ನೋ ಕಡೆ ಹದಿನಾಲ್ಕನೇ ಬೆಡ್ಡು ಅಂತ ಬರೀರಿ."

ಅಷ್ಟು ಉದ್ದದ ಮಾತನ್ನು ನಾನು ಆ ಕೋಣೆಯಲ್ಲಿ ಯಾರೊಂದಿಗೂ ಆಡಿರಲಿಲ್ಲ.

ಅವರು ಜೇಬಿನಿಂದ ಪೆನ್ನು ತೆಗೆದರು. ಕಾಗದ ಎಳೆದುಕೊಂಡರು. ಅಷ್ಟರಲ್ಲಿ ನನ್ನ ಪರದೆಯಲ್ಲಿ ಹೊಸ ಸಾಲುಗಳು ಬಂದು ಹಳೆಯವು ಮೇಲಕ್ಕೆ ಸರಿಯತೊಡಗಿದವು. ಮೂರನೇ ವಾರ್ಡು, ಎಂಟು, ಮಕ್ಕಳ ವಾರ್ಡು. ಎರಡು ದಿನ ಬಾಯಿ ಕಟ್ಟಿಕೊಂಡಿದ್ದ ನರ್ಸ್‌ಗಳೆಲ್ಲ ಒಟ್ಟಿಗೆ ಬರೆಯುತ್ತಿದ್ದರು.

ನಾನು ಗಟ್ಟಿಯಾಗಿ ಓದತೊಡಗಿದೆ. "ಮೂರನೇ ವಾರ್ಡು, ಬೆಡ್ ಎರಡು: ರಾತ್ರಿಯಿಂದ ಮೂತ್ರ ಹೋಗಿಲ್ಲ. ಬೆಡ್ ಏಳು: ಗಾಯದಲ್ಲಿ ಕೀವು, ಎರಡು ಸಲ ಹೇಳಿದ್ದೇನೆ. ಮಕ್ಕಳ ವಾರ್ಡು, ಬೆಡ್ ನಾಲ್ಕು: ಮಗು ಹಾಲು ಬಿಟ್ಟಿದೆ..."

"ನಿಲ್ಲಿಸ್ರೀ."

"ಇನ್ನೂ ಬರ್ತಾ ಇದೆ ಸಾರ್" ಎಂದು ಮುಂದಿನ ಸಾಲಿಗೆ ಹೋದೆ.