ಅಕ್ಕಿ ಡಬ್ಬಿಯಲ್ಲಿದ್ದ ಮುಡಿಪು

ಕಡಲಿನಾಚೆ ಒಂದು ಊರಿತ್ತಂತೆ. ಅಲ್ಲಿ ಮಳೆಯೆಂದರೆ ವರ್ಷಕ್ಕೊಮ್ಮೆ ಬಂದು ನಿಂತಲ್ಲೇ ಹೊರಟುಹೋಗುವ ನೆಂಟ. ಗುಡ್ಡಗಳ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಆ ಊರಿನ ಮೂರನೇ ಮಾಳಿಗೆಯಲ್ಲಿ ಒಬ್ಬ ಹೆಂಗಸಿದ್ದಳಂತೆ. ಮೀನಿನ ಕಣ್ಣು ನೋಡಿ ಅದು ನೀರು ಬಿಟ್ಟು ಎಷ್ಟು ಹೊತ್ತಾಯಿತೆಂದು ಹೇಳುವುದು ಅವಳೊಬ್ಬಳಿಗೇ ಗೊತ್ತಿತ್ತು. ಹಾಗಾಗಿ ಶುಕ್ರವಾರದ ರಜೆ ಬಂತೆಂದರೆ ಇಡೀ ಕಟ್ಟಡದ ಹೆಂಗಸರು ಚೀಲ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳ ದೊಡ್ಡ ಪಾತ್ರೆಯಲ್ಲಿ ಒಂಬತ್ತು ಜನರ ಸಾರು ಕುದಿಯುತ್ತಿತ್ತು. ಒಂದು ದಿನ ಆ ಊರಿನ ಬಾಗಿಲು ಮುಚ್ಚಿತು. ಹೊರಟು ನಿಂತವಳ ಕೈಗೆ ಪಕ್ಕದ ಮನೆಯವಳು ಒಂದು ಹಳದಿ ಗಂಟು ಕೊಟ್ಟಳು. ಇದನ್ನು ನಮ್ಮೂರ ದೈವಕ್ಕೆ ಮುಟ್ಟಿಸು ಎಂದಳು. ಮುಟ್ಟಿಸುತ್ತೇನೆ ಎಂದು ಇವಳು ಮಾತು ಕೊಟ್ಟಳು.

ಅಮ್ಮಮ್ಮನ ಬಾಯಲ್ಲಾದರೆ ಇದು ಕತೆ. ಆದರೆ ಆ ಊರು ಮಸ್ಕತ್ತಿನ ರುವಿ, ಆ ಹೆಂಗಸು ನನ್ನ ಅಮ್ಮ ಜಲಜ.

೧೯೯೭ರಲ್ಲಿ, ನನಗೆ ನಾಲ್ಕು ವರ್ಷವಾಗಿದ್ದಾಗ, ಅಮ್ಮ ನನ್ನನ್ನು ಎತ್ತಿಕೊಂಡು ಅಪ್ಪನಿದ್ದಲ್ಲಿಗೆ ಹೋದಳು. ಅಪ್ಪ ಅಲ್ಲಿ ಕಂಪನಿಯೊಂದರ ವ್ಯಾನು ಓಡಿಸುತ್ತಿದ್ದರು. ಅಮ್ಮಮ್ಮ ನಮ್ಮೂರು ಉಪ್ಪುಂದದಲ್ಲೇ ಉಳಿದಳು. ಅವಳ ಕತೆಗಳು ಮಾತ್ರ ಕ್ಯಾಸೆಟ್ಟಿನಲ್ಲಿ ಸುತ್ತಿಕೊಂಡು, ರಜೆ ಮುಗಿಸಿ ಬರುವವರ ಚೀಲದಲ್ಲಿ ಒಣಮೀನಿನ ವಾಸನೆ ಹಿಡಿದು ನಮ್ಮ ಮನೆ ತಲುಪುತ್ತಿದ್ದವು. ಹದಿನಾಲ್ಕು ವರ್ಷ ಕಳೆದ ಮೇಲೆ ಕಂಪನಿ ಮುಚ್ಚಿತು. ೨೦೧೧ರ ನವೆಂಬರ್ ಕೊನೆಗೆ ನಾವು ಊರಿಗೆ ಬಂದೆವು.

ಗಂಟು ಕೊಟ್ಟವಳು ವನಜಕ್ಕ, ಬೈಂದೂರಿನವಳು. ಹನ್ನೊಂದು ವರ್ಷ ಕಾದ ಮೇಲೆ ಅವಳಿಗೆ ಹುಟ್ಟಿದವಳು ಸುರಕ್ಷಾ. ಮಗುವಿನ ಹುಟ್ಟುಕೂದಲನ್ನು ತವರಿನ ಬೊಬ್ಬರ್ಯನ ಗುಡಿಯೆದುರೇ ತೆಗೆಸುತ್ತೇನೆಂದು ಅವಳ ಹರಕೆಯಿತ್ತು. ಕಡಲಿಗೆ ಹೋಗುವವರನ್ನು ಕಾಯುವ ದೈವ ಅದು. ಆದರೆ ಆ ವರ್ಷದ ಸೆಕೆಗೆ ಮಗುವಿನ ತಲೆ ತುಂಬ ಬೊಕ್ಕೆಯೆದ್ದು ಕೂದಲನ್ನು ಅಲ್ಲೇ ತೆಗೆಸಬೇಕಾಯಿತು. ಆ ಕೂದಲು, ಒಂದು ಹಿಡಿ ಅಕ್ಕಿ, ಒಂದು ನಾಣ್ಯವನ್ನು ಅರಸಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಕಟ್ಟಿ ವನಜಕ್ಕ ಮುಡಿಪು ಮಾಡಿದಳು. ಮುಡಿಪನ್ನು ದೈವಕ್ಕೆ ಒಪ್ಪಿಸುವವರೆಗೆ ಬಿಚ್ಚುವಂತಿಲ್ಲ, ನೆಲಕ್ಕೆ ಇಡುವಂತಿಲ್ಲ. ಆ ಗುಡಿಯ ಬಾಗಿಲು ತೆರೆಯುವುದು ತಿಂಗಳಿಗೊಮ್ಮೆ, ಸಂಕ್ರಮಣದ ದಿನ ಮಾತ್ರ.

"ಮೊದಲ್ ಸಿಕ್ಕಿದ್ ಸಂಕ್ರಮಣಕ್ಕೆ ಒಪ್ಸಿಬಿಡಿ ಅಕ್ಕ. ನಿಮ್ಮ್ ಕೈಯಂಗೆ ಕೊಟ್ರೆ ನಾನೇ ಹೋಯ್ ಒಪ್ಸ್‌ದಂಗೆ" ಎಂದಿದ್ದಳು ವನಜಕ್ಕ.

"ಇಳ್ದದ್ದೇ ಹೋಯ್ ಒಪ್ಸ್ತೆ ಕಾಣ್" ಎಂದಿದ್ದಳು ಅಮ್ಮ.

ಊರಿಗೆ ಬಂದ ಮೇಲೆ ಅಪ್ಪನಿಗೆ ಬ್ರಹ್ಮಾವರದ ಶಾಲೆಯೊಂದರ ಬಸ್ಸು ಓಡಿಸುವ ಕೆಲಸ ಸಿಕ್ಕಿತು. ನಾನು ಕುಂದಾಪುರದ ಕಾಲೇಜಿಗೆ ಸೇರಿದೆ. ಅಮ್ಮನಿಗೆ ಮಾತ್ರ ಇಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೀನು ಹೊತ್ತು ಬರುವ ಚಂದ್ರಾವತಿಯಕ್ಕನ ಬುಟ್ಟಿಯೆದುರು ಕುಳಿತು, ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡುತ್ತಿದ್ದಳು.

"ಎಂತ ಜಲಜಕ್ಕ, ಬಂಗ್ಡಿಗ್ ಎಕ್ಸ್‌ರೇ ತೆಗಿತ್ರ್ಯಾ?" ಎಂದು ಚಂದ್ರಾವತಿಯಕ್ಕ ಒಂದು ದಿನ ಕೇಳಿಯೇಬಿಟ್ಟಳು. "ಬೆಳಿಗ್ಗಿ ನಮ್ಮ್ ಗಂಡ್ಸ್ರ್ ಹಿಡ್ದದ್ದ್ ಇದ್. ನಿಮ್ಮ್ ಮಸ್ಕತ್ತಿನ ಐಸಿನ ಹೆಣ ಅಲ್ಲ."

ಪಕ್ಕದ ಮನೆಯವರೂ ನಕ್ಕರು. ಅಮ್ಮನೂ ನಕ್ಕಳು. ಈ ಊರಲ್ಲಿ ಆರು ವರ್ಷದ ಹುಡುಗಿಗೂ ಮೀನು ನೋಡಲು ಬರುತ್ತದೆ. ಅಮ್ಮನನ್ನು ಕೇಳಿ ಮೀನು ಕೊಳ್ಳಬೇಕಾದವರು ಇಲ್ಲಿ ಯಾರೂ ಇರಲಿಲ್ಲ.

ಆದರೂ ಶುಕ್ರವಾರ ಬಂದರೆ ಅವಳ ಕೈ ತಾನಾಗಿ ದೊಡ್ಡ ಪಾತ್ರೆಗೆ ಹೋಗುತ್ತಿತ್ತು.

"ಯಾರ್ ಸತ್ತದ್ದ್, ಯಾರದ್ ಬೊಜ್ಜದೂಟ ಇವತ್ತ್? ಇಷ್ಟ್ ಅನ್ನ ಯಾರ್ ಉಂಬುದ್?" ಎಂದು ಅಮ್ಮಮ್ಮ ಬೈಯುತ್ತಿದ್ದಳು.

ಅಮ್ಮ ಸಂಜೆ ನಾಲ್ಕಕ್ಕೆ ಕೈತೊಳೆದು, ಫೋನನ್ನು ಮಡಿಲಲ್ಲಿಟ್ಟು ಜಗಲಿಯಲ್ಲಿ ಕೂರುತ್ತಿದ್ದಳು. ವನಜಕ್ಕ ಫೋನು ಮಾಡುವ ಹೊತ್ತು ಅದು. "ಮುಡಿಪ್ ಒಪ್ಸಿರ್ಯಾ ಅಕ್ಕ?" ಎಂಬುದು ಮೊದಲ ಮಾತು. "ಬಪ್ಪು ಸಂಕ್ರಮಣಕ್ಕೆ ಮಾರಾಯ್ತಿ" ಎಂದು ಅಮ್ಮ ಮುಂದಿನ ತಿಂಗಳಿಗೆ ದೂಡುವುದು ಎರಡನೆಯದು. ಆಮೇಲೆ ಒಂದು ಗಂಟೆ, ನಾವು ಬಿಟ್ಟುಬಂದ ಮನೆಗೆ ಈಗ ಯಾರು ಬಂದಿದ್ದಾರೆ, ಲಿಫ್ಟು ಎಷ್ಟನೇ ಸಲ ಕೆಟ್ಟಿತು, ಮತ್ರಾದ ಮೀನುಪೇಟೆಯಲ್ಲಿ ವನಜಕ್ಕ ಹೇಗೆ ಮೋಸಹೋದಳು, ಎಲ್ಲ ಬರುತ್ತಿತ್ತು. ಅಮ್ಮನ ಮುಖ ಆ ಒಂದು ಗಂಟೆ ರುವಿಯಲ್ಲಿರುತ್ತಿತ್ತು.

ಡಿಸೆಂಬರಿನ ಸಂಕ್ರಮಣಕ್ಕೆ ಅಮ್ಮ ತಾನು ಮುಟ್ಟಾಗಿದ್ದೇನೆ ಎಂದಳು. ಮಕರಕ್ಕೆ ಮೊಣಕಾಲು ನೋವು. ಅದರ ಮುಂದಿನದಕ್ಕೆ ಬಸ್ಸು ಸಿಗಲಿಲ್ಲ ಎಂದಳು, ಹತ್ತು ನಿಮಿಷಕ್ಕೊಂದು ಬಸ್ಸು ಓಡುವ ಹೆದ್ದಾರಿಯಲ್ಲಿ. ಏಪ್ರಿಲ್‌ನಲ್ಲಿ ವನಜಕ್ಕ, "ನಿಮ್ಗ್ ಕಷ್ಟ ಆತ್ತಂದ್ರೆ ನನ್ನ್ ಅಣ್ಣ ಗುಣಪಾಲನ ಕಳ್ಸ್ತೆ, ಅವ ಬಂದ್ ತಕಂಡ್ ಹೋತ" ಎಂದಳು. ಆಗ ಅಮ್ಮ ತಟ್ಟನೆ, "ಒಪ್ಸಿ ಆಯ್ತಲೆ, ಹೇಳುಕೇ ಮರ್ತ್‌ಹೋಯ್ತ್" ಎಂದುಬಿಟ್ಟಳು.

ನಾನು ನಂಬಿದೆ. ವನಜಕ್ಕನೂ ನಂಬಿದಳು. ಅಲ್ಲಿಂದ ಮುಂದೆ ಫೋನು ವಾರ ಬಿಟ್ಟು ವಾರ ಬರತೊಡಗಿತು, ಆಮೇಲೆ ಇನ್ನೂ ಅಪರೂಪವಾಯಿತು.

ಜೂನ್ ಮೊದಲ ವಾರ ಅಕ್ಕಿ ತೆಗೆಯಲು ಡಬ್ಬಿಯೊಳಗೆ ಕೈಹಾಕಿದಾಗ ತಳದಲ್ಲಿ ಬಟ್ಟೆ ತಾಗಿತು. ಮೇಲೆತ್ತಿದೆ. ಹಳದಿ ಗಂಟು. ಹಿತ್ತಿಲಲ್ಲಿ ಸೌದೆಗೆ ಟಾರ್ಪಾಲು ಹೊದೆಸುತ್ತಿದ್ದ ಅಮ್ಮನ ಬಳಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದೆ.

"ಅಮ್ಮ, ಇದೆಂತ?"

ಅವಳು ಕೈ ತೊಳೆದು ಬಂದು ಗಂಟನ್ನು ತೆಗೆದುಕೊಂಡಳು. "ನೆಲಕ್ಕ್ ಇಡ್ಲಿಲ್ಲೆ ಅಲ್ದಾ?"

"ಒಪ್ಸಿ ಆಯ್ತ್ ಅಂದ್ಯಲೆ ನೀನು."

"ಒಪ್ಸ್ತೆ."

"ಯಾವಾಗ?"

"ನಿಂಗ್ ಬಸ್ಸಿಗ್ ಹೊತ್ತಾಯ್ಲ್ಯಾ?"

ಗಂಟು ಮತ್ತೆ ಅಕ್ಕಿಯೊಳಗೆ ಹೋಯಿತು. ಅಂದಿನಿಂದ ಊಟಕ್ಕೆ ಕೂತರೆ ನನಗೆ ಅನ್ನದಲ್ಲಿ ಅರಸಿನದ ವಾಸನೆ ಬರುತ್ತಿತ್ತು, ಅಥವಾ ಬಂದಂತಾಗುತ್ತಿತ್ತು.

ಆ ಶುಕ್ರವಾರ ವನಜಕ್ಕನ ಫೋನು ಬಂತು. ಸ್ಪೀಕರಿನಲ್ಲಿ ಕೇಳಿದ ದನಿ ಅವಳದ್ದೆಂದೇ ಅನ್ನಿಸಲಿಲ್ಲ.

"ಹೆಣ್ಣಿಗ್ ಐದ್ ದಿನದಿಂದ ಜ್ವರ ಅಕ್ಕ. ಆಸ್ಪತ್ರೆಯಂಗ್ ಇತ್ತ್. ರಕ್ತ ತೆಗಿತ್ರ್, ಮತ್ತೂ ತೆಗಿತ್ರ್, ಎಂತ ಅಂದೇಳಿ ಹೇಳುದಿಲ್ಲೆ." ಮೂಗು ಒರೆಸಿಕೊಂಡ ಸದ್ದು ಕೇಳಿತು. "ನೀವ್ ಮುಡಿಪ್ ಒಪ್ಸಿದ್ರಿ ಅಲೆ, ಅದೊಂದೇ ನಂಗ್ ಧೈರ್ಯ. ಅದ್ ಬಾಕಿ ಇದ್ದಿದ್ರೆ ನಂಗ್ ಹುಚ್ಚ್ ಹಿಡಿತಿತ್ತ್."

"ಹ್ಞೂಂ" ಎಂದಳು ಅಮ್ಮ.

ಎರಡೇ ನಿಮಿಷದಲ್ಲಿ ಮಾತು ಮುಗಿಯಿತು. ಫೋನು ಆರಿದ ಮೇಲೂ ಅಮ್ಮ ಅದನ್ನು ಮುಖದ ಎದುರೇ ಹಿಡಿದಿದ್ದಳು.

ಸಂಕ್ರಮಣಕ್ಕೆ ಇನ್ನೂ ಆರು ದಿನವಿತ್ತು. ಅಮ್ಮ ಗಂಟನ್ನು ಡಬ್ಬಿಯಿಂದ ತೆಗೆದು ದೇವರ ಹಲಗೆಯ ಮೇಲಿಟ್ಟಳು. ಅಲ್ಲಿಂದ ತೆಗೆದು ಬೀರುವಿನಲ್ಲಿಟ್ಟಳು. ಮತ್ತೆ ಹಲಗೆಗೆ ತಂದಳು. ವನಜಕ್ಕನಿಗೆ ದಿನಕ್ಕೆ ನಾಲ್ಕು ಸಲ ಫೋನು ಹಚ್ಚಿಸಿದಳು. ಗಂಟೆ ಬಾರಿಸಿ ಬಾರಿಸಿ ನಿಲ್ಲುತ್ತಿತ್ತು. "ಆಸ್ಪತ್ರೆಯಂಗ್ ಫೋನ್ ತೆಗುಕೆ ಬಿಡುದಿಲ್ಲೆ, ನೀ ಎಂತಕ್ ಹೀಂಗ್ ಹೆದ್ರುದ್?" ಎಂದರು ಅಪ್ಪ. ಅವರಿಗೆ ಏನೂ ಗೊತ್ತಿರಲಿಲ್ಲ. ಹೇಳಬೇಡವೆಂದು ಅಮ್ಮ ಕಣ್ಣಲ್ಲೇ ನನ್ನನ್ನು ತಡೆದಳು.

ಜ್ವರ ಯಾಕೆ ಬರುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೇನೆ, ಚಿತ್ರ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇನೆ. ಆದರೆ ಆ ಆರು ದಿನ ನನ್ನ ತಲೆಯೊಳಗೆ ಕ್ಯಾಸೆಟ್ಟುಗಳೇ ತಿರುಗಿದವು. ಅಮ್ಮಮ್ಮನ ಕತೆಗಳಲ್ಲಿ ಮಾತು ತಪ್ಪಿದವರು ಕಲ್ಲಾಗುತ್ತಾರೆ, ಬಾಯಿಲ್ಲದ ಮೀನಾಗುತ್ತಾರೆ. ಒಬ್ಬಳು ಮಾತು ತಪ್ಪಿದರೆ ಇನ್ನೊಬ್ಬಳ ಮಗುವಿನ ಮೈ ಸುಡುವ ಕತೆಯನ್ನು ಮಾತ್ರ ಅವಳು ಹೇಳಿರಲಿಲ್ಲ. ಅದು ಹೇಗೆ ಮುಗಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಂಕ್ರಮಣದ ಬೆಳಿಗ್ಗೆ ಹಿಡಿದ ಮಳೆ ಬಿಡಲಿಲ್ಲ. ಅಮ್ಮ ಮುಡಿಪನ್ನು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ಮಡಿಲ ಮೇಲಿರಿಸಿ, ಮುಚ್ಚಳದ ಮೇಲೆ ಅಂಗೈ ಒತ್ತಿ ಕೂತಳು. ಬೈಂದೂರಿನಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಸೂರಿನಡಿ ನಿಂತಾಗ ಫೋನು ಬಡಿಯಿತು. ವನಜಕ್ಕ.

ಅಮ್ಮ ಫೋನನ್ನು ನನ್ನ ಕೈಗಿತ್ತಳು. ನಾನೇ ತೆಗೆದೆ.

"ಶರಣ್ಯಾ, ಜ್ವರ ಮೊನ್ನೆಯೇ ಬಿಡ್ತ್. ಮನಿಗ್ ಬಂದಾಯ್ತ್. ಬೆಳಿಗ್ಗಿಂದ ಇಡ್ಲಿ ಇಡ್ಲಿ ಅಂದೇಳಿ ಜೀವ ತಿಂತಿತ್ತ್. ಅಮ್ಮಂಗ್ ಹೇಳ್."

ಅಮ್ಮ ಕಲ್ಲುಬೆಂಚಿನ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ಎದುರಿಗೆ ಕುಂದಾಪುರದ ಕಡೆ ಮುಖಮಾಡಿ ನಿಂತಿದ್ದ ಬಸ್ಸನ್ನೇ ನೋಡತೊಡಗಿದಳು.

"ಜ್ವರ ಬಿಡ್ತಲೆ" ಎಂದಳು. "ಮಳಿಯೂ ಬತ್ತಾ ಇತ್ತ್. ಬಪ್ಪು ಸಂಕ್ರಮಣಕ್ಕೆ..."

"ಅಮ್ಮ."

"ಒಪ್ಸಿದೆ ಅಂದೇಳಿ ಸುಳ್ಳ್ ಹೇಳಿದ್ದಕ್ಕೇ ಅವ್ಳ್ ಫೋನ್ ಅಪ್ರೂಪ ಆಯ್ತ್. ನಿಜಕ್ಕೂ ಒಪ್ಸಿರೆ?" ಟಿಫಿನ್ ಡಬ್ಬಿಯ ಕೊಂಡಿಯನ್ನು ಅವಳ ಹೆಬ್ಬೆರಳು ತೆಗೆಯುತ್ತ ಹಾಕುತ್ತ ಇತ್ತು. "ಇದೊಂದ್ ನನ್ನ್ ಹತ್ರ ಇಪ್ಪಲ್ಲಿವರಿಗೆ ಆ ಬದಿಯಂಗೆ ನಂದೊಂದ್ ಕೆಲ್ಸ ಬಾಕಿ ಇತ್ತ್. ಇದ್ ಹೋದ್ಮೇಲೆ ಅಲ್ಲಿ ನಂಗೆ ಎಂತ ಇತ್ತ್ ಮಗಾ? ಇಲ್ಲಾರೂ ಎಂತ ಇತ್ತ್?"

ನನಗೂ ಆ ಮೂರನೇ ಮಾಳಿಗೆಯ ಕಿಟಕಿ ಕನಸಿನಲ್ಲಿ ಬರುತ್ತದೆ. ಅವಳ ಮಡಿಲಿಂದ ಡಬ್ಬಿಯನ್ನು ಎತ್ತಿಕೊಂಡು, ಕೊಡೆ ಬಿಡಿಸಿ ಕಡಲ ದಾರಿಯಲ್ಲಿ ನಡೆದೆ. ತಿರುಗಿ ನೋಡಿದರೆ ಅವಳು ಬಸ್ಸು ಹತ್ತಿಬಿಡುತ್ತಾಳೇನೋ ಎಂಬ ಹೆದರಿಕೆಗೆ ತಿರುಗಲಿಲ್ಲ. ಮೀನಿನ ಗೋದಾಮು ದಾಟುವ ಹೊತ್ತಿಗೆ ಹಿಂದೆ ಅವಳ ಚಪ್ಪಲಿಯ ಸದ್ದು ಕೇಳಿತು.

ಗುಡಿ ಹೆಂಚಿನದು, ಚಿಕ್ಕದು. ಮಳೆಗಾಲವಾದ್ದರಿಂದ ದೋಣಿಗಳೆಲ್ಲ ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗಿದ್ದವು. ಸಂಕ್ರಮಣಕ್ಕೆ ದೀಪ ಹಚ್ಚುವವನು ವನಜಕ್ಕನ ಅಣ್ಣ ಗುಣಪಾಲ.

"ಹ್ವಾಯ್, ಒಳಗ್ ಬನ್ನಿ, ಮಳೆಗ್ ಚಂಡಿ ಆತ್ರಿ" ಎಂದು ಕರೆದವನು, ಅಮ್ಮ ಹೆಸರು ಹೇಳುತ್ತಲೇ ಮುಖ ಅರಳಿಸಿದ. "ಮಸ್ಕತ್ತಿನ ಜಲಜಕ್ಕ ಅಲ್ದಾ ನೀವ್? ಮುಡಿಪ್ ಒಪ್ಸಿ ಹೋದ್ರಂಬ್ರ್, ತಂಗಿ ಹೇಳ್ತ್. ನಾ ದೋಣಿಯಂಗ್ ಇದ್ದಿದ್ದೆ ಕಾಣತ್ತ್, ನನ್ನ್ ಬದ್ಲ್ ದೀಪ ಹಚ್ಚಿದವ್ರ್ ಯಾರಾರೂ ತಕಂಡದ್ದಾಯ್ಕ್."

ಅಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಅವನು ಹಳದಿ ಗಂಟನ್ನು ನೋಡಿದ.

"ಇದ್ ಇನ್ನೊಂದಾ? ನಿಮ್ಮದ್ದಾ?"

ಹೌದು ಎಂದರೆ ಮುಗಿಯುತ್ತಿತ್ತು. ಮಗು ಗುಣವಾಗಿತ್ತು, ಯಾರಿಗೂ ಸಂಶಯವಿರಲಿಲ್ಲ. ನಾನು ಅಮ್ಮನ ತುಟಿಯನ್ನೇ ನೋಡುತ್ತಿದ್ದೆ. ಹೌದು ಎನ್ನಲು ಅವಳು ಬಾಯಿ ತೆರೆದದ್ದು ನನಗೆ ಕಂಡಿತು.

"ಯಾರದ್ದ್, ಯಾವಾಗ ಕೈಗ್ ಬಂತ್, ಎರಡನ್ನೂ ಬಾಯ್ಬಿಟ್ಟ್ ಹೇಳ್ಕ್. ಇಲ್ಲಿ ಹಾಂಗೇ ಕ್ರಮ" ಎಂದು ಗುಣಪಾಲ ಹರಿವಾಣ ಹಿಡಿದ.

"ಶರಣ್ಯಾ, ವನಜಂಗ್ ಫೋನ್ ಮಾಡ್" ಎಂದಳು ಅಮ್ಮ.

ಸ್ಪೀಕರಿಗೆ ಹಾಕಿದೆ. ಆ ಕಡೆ ಸುರಕ್ಷಾ ಏನೋ ರಾಗ ಎಳೆಯುತ್ತಿದ್ದಳು.

"ವನಜಾ, ನಾ ಒಪ್ಸಿರ್ಲಿಲ್ಲೆ. ಸುಳ್ಳ್ ಹೇಳಿದ್ದ್. ಈಗ ಗುಡಿಯಂಗ್ ಇದ್ದೆ. ನಿನ್ನ್ ಮುಡಿಪ್ ನನ್ನ್ ಕೈಯಂಗೇ ಇತ್ತ್."

ಗುಣಪಾಲನ ಕೈಯಲ್ಲಿದ್ದ ಹರಿವಾಣ ಕೆಳಗಿಳಿಯಿತು.

"ಏಳ್ ತಿಂಗ್ಳಾಯ್ತ್ ಅಕ್ಕ" ಎಂದಳು ವನಜಕ್ಕ.

"ಹೌದ್."

"ಆಸ್ಪತ್ರೆಯಂಗ್ ನಾ ಎಂತ ಹೇಳ್ಕಂಡ್ ಕೂಕಂಡಿದ್ದೆ ಅಂದೇಳಿ ಗೊತ್ತಿತ್ತ್ ನಿಮ್ಗೆ."

"ಗೊತ್ತಿತ್ತ್."

"ಎಂತಕೆ?"

"ಇದ್ ಒಪ್ಸಿರೆ ನೀ ಫೋನ್ ಮಾಡುದಿಲ್ಲೆ ಅಂದೇಳಿ."

ವನಜಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮುಂದಿನ ಶುಕ್ರವಾರ ಆ ಫೋನು ಬರುತ್ತದೋ ಇಲ್ಲವೋ ಎಂದು ಅವಳ ದನಿಯಿಂದ ತಿಳಿಯುವಂತಿರಲಿಲ್ಲ.

"ಫೋನ್ ಇಡ್ಬೇಡಿ" ಎಂದಳು. "ಒಪ್ಸಿ. ನೀವ್ ಒಪ್ಸುದ್ ನಂಗ್ ಕಿವಿಯಾರೆ ಕೇಣ್ಕ್."

ಅಮ್ಮ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ವನಜನ ಮಗ್ಳ್ ಸುರಕ್ಷನ ಮುಡಿಪ್ ಇದ್. ನವೆಂಬ್ರಂಗ್ ನನ್ನ್ ಕೈಗ್ ಬಂತ್. ಏಳ್ ತಿಂಗ್ಳ್ ನನ್ನ್ ಅಕ್ಕಿ ಡಬ್ಬಿಯಂಗ್ ಇತ್ತ್. ತಪ್ಪ್ ನಂದ್, ಮಗಿನ್ ಮೇಲೆ ಹಾಕ್ಬೇಡ."

ಗುಣಪಾಲ ಹರಿವಾಣವನ್ನು ಮತ್ತೆ ಮೇಲೆತ್ತಿದ. ಅಮ್ಮ ಗಂಟನ್ನು ಅದರಲ್ಲಿಟ್ಟು ಕೈ ಬಿಟ್ಟಳು. ಅವನು ಒಳಗೆ ಹೋಗಿ, ಬೊಬ್ಬರ್ಯನ ಕಲ್ಲಿನೆದುರು ಕೂತು, ಗಂಟು ಬಿಚ್ಚಿದ.