ತಪ್ಪು: ಕೋಳಿ, ಒಪ್ಪು: ಹೇಂಟೆ

ಪಕ್ಕದ ಮನೆಯ ಹುಂಜಕ್ಕೆ ಬುದ್ಧಿ ಎಂಬುದು ಇದ್ದಿದ್ದರೆ ಬೆಳಗ್ಗೆ ಒಮ್ಮೆ ಕೂಗಿ, ಕೆಲಸ ಮುಗಿಯಿತೆಂದು ಸುಮ್ಮನಾಗುತ್ತಿತ್ತು. ಅದಕ್ಕೆ ಬುದ್ಧಿ ಇರಲಿಲ್ಲ, ಗಂಟಲಿತ್ತು. ಏಳಕ್ಕೆ ಕೂಗುತ್ತಿತ್ತು, ಏಳೂಕಾಲಿಗೆ ಕೂಗುತ್ತಿತ್ತು. ಹಾಲಿನವನ ಸೈಕಲ್ ಬಂದರೆ ಕೂಗುತ್ತಿತ್ತು, ಬರದಿದ್ದರೆ ಯಾಕೆ ಬರಲಿಲ್ಲವೆಂದು ಕೂಗುತ್ತಿತ್ತು. ನಡುಮಧ್ಯಾಹ್ನ, ಲೋಕವೆಲ್ಲ ಎದ್ದು ಊಟಕ್ಕೆ ಕೂತ ಮೇಲೂ, ಕಾಂಪೌಂಡ್ ಗೋಡೆ ಹತ್ತಿ ಬೆಳಗಾಯಿತೆಂದು ಸಾರುತ್ತಿತ್ತು. ಹಳೆಯ ವೈಯಾಕರಣಿಗಳು ಹ್ರಸ್ವ, ದೀರ್ಘ, ಪ್ಲುತಗಳನ್ನು ಕೋಳಿಯ ಕೂಗಿನಿಂದಲೇ ಹೇಳಿಕೊಡುತ್ತಿದ್ದರಂತೆ. ಅವರ ಕಾಲದ ಕೋಳಿಗಳು ನಾಲ್ಕಕ್ಷರ ಕಲಿತವಾಗಿರಬೇಕು. ಇದಕ್ಕೆ ಎಳೆದೆಳೆದು ಕೂಗುವ ಪ್ಲುತ ಒಂದೇ ಗೊತ್ತು. 'ಅಲ್ಪಪ್ರಾಣಿಗೆ ಮಹಾಪ್ರಾಣದ ಗಂಟಲು' ಎಂದುಕೊಂಡ ಪ್ರೂಫ್ ರೀಡರ್, ಆ ಮಾತನ್ನು ತಾನೊಬ್ಬನೇ ಮೆಚ್ಚಿಕೊಂಡ. ಮೆಚ್ಚುವಷ್ಟು ತಿಳಿವಳಿಕೆ ಇದ್ದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ ಎಂಬುದು ಅವನ ಅಭಿಪ್ರಾಯ.

ಅಚ್ಚಿನ ಮನೆಗಳಿಗೆ ಕರಡು ತಿದ್ದಿಕೊಡುವುದು ಅವನ ಕಸುಬು. ಮೂವತ್ತೊಂದು ವರ್ಷದಲ್ಲಿ ಅವನ ಕೈ ದಾಟಿ ಹೋದ ಒಂದೇ ಒಂದು ಪುಸ್ತಕಕ್ಕೂ ಕೊನೆಯಲ್ಲಿ ತಪ್ಪು–ಒಪ್ಪುಗಳ ಚೀಟಿ ಅಂಟಿಸಬೇಕಾಗಿ ಬಂದಿರಲಿಲ್ಲ. ಪುಸ್ತಕದ ಬೆನ್ನಿಗೆ ಆ ಚೀಟಿ ಎಂದರೆ ಹಣೆಗೆ ಹಚ್ಚಿದ ಮಸಿ ಎಂದೇ ಅವನು ತಿಳಿದಿದ್ದ. ಬೀದಿಯಲ್ಲಿ ನಡೆಯುವುದೆಂದರೆ ಅವನಿಗೆ ಕಲ್ಲು ಸೇರಿದ ತುತ್ತು ಅಗಿದಂತೆ. ಲಾಂಡ್ರಿಯವನು 'ಶುಬ್ರ' ಎಂದು ಬರೆಸಿದ್ದ, ಮದ್ದಿನಂಗಡಿಯವನು 'ಔಶದಿ' ಎಂದು. ಇಬ್ಬರಿಗೂ ಹೇಳಿ ನೋಡಿದ್ದ. ಅದಕ್ಕೆ ಸಿಕ್ಕ ಬಹುಮಾನ ಒಂದು ಅಡ್ಡಹೆಸರು: ಕೊಂಬಿನ ಮೇಷ್ಟ್ರು. ಅಕ್ಷರದ ಕೊಂಬೋ, ತಲೆಯ ಮೇಲಿನ ಕೊಂಬೋ ಎಂದು ಅವರು ಬಿಡಿಸಿ ಹೇಳಿರಲಿಲ್ಲ, ಇವನು ಕೇಳಿರಲೂ ಇಲ್ಲ.

ಹುಂಜ ಕೆಡಿಸುತ್ತಿದ್ದದ್ದು ಅವನ ನಿದ್ದೆಯನ್ನಲ್ಲ, ತಂಗಿಯ ನಿದ್ದೆಯನ್ನು. ಅವಳು ನರ್ಸ್. ರಾತ್ರಿ ಪಾಳಿ ಮುಗಿಸಿ ಏಳಕ್ಕೆ ಬಂದು, ಕಾಲು ತೊಳೆದು, ಪರದೆ ಎಳೆದು ಮಲಗಿದರೆ ಎರಡರವರೆಗೆ ಏಳುತ್ತಿರಲಿಲ್ಲ. ಆ ಏಳು ಗಂಟೆಗಳಲ್ಲೇ ಅವನ ಕೆಲಸ ಸಾಗುತ್ತಿದ್ದದ್ದು. ಖಾಲಿ ಮನೆಯ ಮೌನ ಬೇರೆ, ಪಕ್ಕದ ಕೋಣೆಯಲ್ಲಿ ಒಬ್ಬರು ನಿದ್ದೆ ಮಾಡುತ್ತಿರುವ ಮನೆಯ ಮೌನ ಬೇರೆ. ಮೊದಲನೆಯದು ಕಿವಿ ಹಿಂಡುತ್ತದೆ, ಎರಡನೆಯದು ಹೊದಿಕೆಯ ಹಾಗೆ ಮೈಮೇಲೆ ಬೀಳುತ್ತದೆ. ಇದನ್ನು ಅವನು ತಂಗಿಗೆ ಹೇಳಿದವನಲ್ಲ. ಅಂಥ ಮಾತಾಡುವ ಮನೆಯೂ ಅದಾಗಿರಲಿಲ್ಲ.

ಎರಡು ತಿಂಗಳಿಂದ ಅವಳಿಗೆ ನಿದ್ದೆ ಇಲ್ಲ. ಕಿವಿಗೆ ಹತ್ತಿ ತುರುಕಿದಳು, ಮಂಚ ಅಡುಗೆಮನೆಗೆ ಎಳೆದಳು. ಬುಧವಾರ ಬೆಳಗ್ಗೆ ಬಂದವಳು ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ಕೂತಳು.

"ಅಣ್ಣಾ, ನಿನ್ನೆ ಒಬ್ಬರ ಔಷಧಿ ಚೀಟಿ ಮೂರು ಸಲ ಓದಿದೆ. ಮೂರು ಸಲಾನೂ ತಲೆಗೆ ಹತ್ತಲಿಲ್ಲ. ನಿಂದಾದ್ರೆ ಒಂದು ಕೊಂಬು ತಪ್ಪುತ್ತೆ ಅಷ್ಟೆ. ನಂದು ತಪ್ಪಿದ್ರೆ ಜೀವ ಹೋಗುತ್ತೆ."

"ಕೊಂಬೂ ತಪ್ಪಬಾರದು."

"ಆಸ್ಪತ್ರೆ ಕ್ವಾರ್ಟರ್ಸ್‌ನಲ್ಲಿ ಒಂದು ರೂಮು ಖಾಲಿ ಇದೆಯಂತೆ. ಶನಿವಾರದೊಳಗೆ ಹೂಂ ಅನ್ನಬೇಕು."

ಅವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸುವ ಸದ್ದನ್ನು, ನಡುನಡುವೆ ಹುಂಜದ ಸದ್ದನ್ನು, ಅವನು ಕರಡಿನ ಮೇಲೆ ಪೆನ್ ಇಟ್ಟುಕೊಂಡೇ ಕೇಳಿದ.

ಹುಂಜದ ಒಡೆಯ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಅಂದೇ ಸಂಜೆ ಪ್ರೂಫ್ ರೀಡರ್ ಅಲ್ಲಿಗೆ ಹೋದಾಗ, ಗೇಟು ತೆಗೆಯುವುದರೊಳಗೆ "ಮುಂದೆ ಬನ್ನಿ, ಮುಂದೆ ಬನ್ನಿ" ಎಂದ. ಬದುಕೆಲ್ಲ ಜನರನ್ನು ಮುಂದಕ್ಕೆ ತಳ್ಳಿದ ಮನುಷ್ಯನಿಗೆ ಸ್ವಾಗತಿಸಲು ಬೇರೆ ಮಾತು ಬರುತ್ತಿರಲಿಲ್ಲ. ಹಿತ್ತಲಲ್ಲಿ ಒಡೆದ ಬಕೆಟ್ಟು, ತಂತಿಬಲೆಯ ಗೂಡು, ಮೂರು ಹೆಣ್ಣುಕೋಳಿ. ಅವುಗಳ ನಡುವೆ ಎದೆ ಉಬ್ಬಿಸಿಕೊಂಡು ಅದು.

"ಇವನ ಹೆಸರು ಡ್ರೈವರ್" ಎಂದ ಕಂಡಕ್ಟರ್. "ಮೂವತ್ತು ವರ್ಷ ಹಾರ್ನ್ ಕೇಳಿದ ಕಿವಿ ಮೇಷ್ಟ್ರೇ. ಮನೆ ಸುಮ್ಮನಿದ್ರೆ ಬಸ್ಸು ಕೆಟ್ಟು ನಿಂತ ಹಾಗೆ ಆಗುತ್ತೆ, ಎದೆ ಡವಡವ ಅನ್ನುತ್ತೆ."

"ನನ್ನ ತಂಗಿಗೆ ನಿದ್ದೆ ಇಲ್ಲ."

"ನರ್ಸಮ್ಮ ರಾತ್ರಿ ಮಲಗಬಹುದಲ್ಲ, ಎಲ್ಲರ ಹಾಗೆ?"

ಮೂರ್ಖರಲ್ಲಿ ಎರಡು ಬಗೆ: ಯೋಚಿಸದೆ ಮಾತಾಡುವವರು, ಯೋಚಿಸಿಯೂ ಅದನ್ನೇ ಆಡುವವರು. ಇವನು ಎರಡನೆಯವನೆಂದು ಪ್ರೂಫ್ ರೀಡರ್ ತೀರ್ಮಾನಿಸಿದ. "ಊರಲ್ಲಿ ಕಾನೂನು ಅಂತ ಒಂದಿದೆ" ಎಂದ.

ಕಂಡಕ್ಟರ್‌ನ ಮುಖ ಅರಳಿತು. ಒಳಗೆ ಹೋಗಿ, ಲ್ಯಾಮಿನೇಟ್ ಮಾಡಿಸಿದ ಹಾಳೆಯೊಂದನ್ನು ಟಿಕೆಟ್ ತೋರಿಸುವವನ ಹಾಗೆ ಹಿಡಿದು ತಂದ. ನಗರಸಭೆಯ ನಿಯಮ ಪುಸ್ತಕದ ಹದಿನಾಲ್ಕನೆಯ ಪುಟ. "ಓದಿ. 'ವಾಸದ ಮನೆಯ ಹಿತ್ತಲಲ್ಲಿ ಆರು ಕೋಳಿಗಳಿಗೆ ಮೀರದಂತೆ ಸಾಕಬಹುದು.' ನನ್ನ ಹತ್ರ ನಾಲ್ಕೇ ಇರೋದು. ಇನ್ನೂ ಎರಡು ಸೀಟು ಖಾಲಿ ಇದೆ!"

"ಇದು ಹುಂಜ."

"ಹುಂಜ ಕೋಳಿ ಅಲ್ವಾ? ಮತ್ತೇನು, ಆನೆನಾ? ಅಕ್ಷರ ಬಲ್ಲವರು ನೀವೇ ಹೇಳಿ."

ಅಕ್ಷರ ಬಲ್ಲವನು ಗೇಟಿನತ್ತ ತಿರುಗಿದ. ವ್ಯಾಕರಣ ಕಂಡಕ್ಟರ್‌ನ ಪಕ್ಷದಲ್ಲಿತ್ತು. ಬೆನ್ನ ಹಿಂದೆ ಹುಂಜ ಒಮ್ಮೆ ಕೂಗಿತು. "ರೈಟ್, ರೈಟ್!" ಎಂದ ಕಂಡಕ್ಟರ್.

ಶುಕ್ರವಾರ ಅವನು ನಗರಸಭೆ ಕಚೇರಿಗೆ ಹೋದ. ಗೋಡೆಯ ಮೇಲೆ 'ನಿಶಬ್ದ' ಎಂದಿತ್ತು. ಅಡಿಯಲ್ಲಿ ಇಪ್ಪತ್ತು ಜನ ಒಟ್ಟಿಗೆ ಮಾತಾಡುತ್ತಿದ್ದರು. ಆ ವಿಸರ್ಗವಿಲ್ಲದ 'ನಿಶಬ್ದ'ಕ್ಕೆ ಇದಕ್ಕಿಂತ ಒಳ್ಳೆಯ ಗತಿ ಬರಬೇಕಾಗಿಯೂ ಇರಲಿಲ್ಲ ಎಂದುಕೊಂಡು ಅವನು ಸಾಲಿನಲ್ಲಿ ನಿಂತ. ಆರೋಗ್ಯ ವಿಭಾಗದ ಗುಮಾಸ್ತೆ ಅರ್ಜಿ ಓದಿದಳು. ಓದುವಾಗ ತುಟಿ ಅಲುಗಿಸುತ್ತಿದ್ದಳು. ತುಟಿ ಅಲುಗಿಸಿ ಓದುವವರ ಬಗ್ಗೆ ಅವನಿಗೆ ಇದ್ದ ಅಭಿಪ್ರಾಯವನ್ನು ಇಲ್ಲಿ ಹೇಳಬೇಕಾಗಿಲ್ಲ.

"ಅರ್ಜಿ ಚೆನ್ನಾಗಿದೆ ಸಾರ್, ಆದ್ರೆ ನಡೆಯಲ್ಲ. ಪುಸ್ತಕದಲ್ಲಿ ಕೋಳಿ ಅಂತಿದೆಯಲ್ಲ. ತಿಂಗಳಿಗೆ ಹತ್ತು ಜನ ಬರ್ತಾರೆ ಇದೇ ಗೋಳು ಹೇಳ್ಕೊಂಡು."

"ಯಾವ ಕತ್ತೆ ಬರೆದಿದ್ದು ಅದನ್ನ?"

"ಬರೆದವರು ಸರಿಯಾಗೇ ಬರೆದಿದ್ರು" ಎಂದು ಅವಳು ಎದ್ದುಹೋಗಿ, ಬೀರುವಿನ ತಳದಿಂದ ಒಂದು ಕಡತ ತಂದು ಮೇಜಿನ ಮೇಲೆ ಕುಟ್ಟಿದಳು. "ಹಳೇ ಹೆಲ್ತ್ ಇನ್ಸ್‌ಪೆಕ್ಟರ್ ಕೈಬರಹ. ನೋಡಿ, 'ಆರು ಹೇಂಟೆಗಳಿಗೆ ಮೀರದಂತೆ'. ಹೇಂಟೆ ಅಂದ್ರೆ ಮೊಟ್ಟೆ ಇಡೋ ಕೋಳಿ. ನಮ್ಮಜ್ಜಿ ಬಾಯಲ್ಲಿ ಕೇಳಿದ್ದೆ. ಹುಂಜ ತಾನಾಗೇ ಹೊರಗೆ ಹೋಗ್ತಿತ್ತು. ಅಚ್ಚಿನ ಮನೇಲಿ ಯಾವನೋ ಮಹಾ ಪಂಡಿತ ಹೊಡೆದುಹಾಕಿ ಕೋಳಿ ಮಾಡಿದಾನೆ."

'ಹೇಂಟೆ'ಯ ಮೇಲೆ ಕೆಂಪು ಶಾಯಿಯ ಒಂದೇ ನೇರ ಗೆರೆ. ಮೇಲೆ 'ಕೋಳಿ'. 'ಳ'ದ ಬಾಲ ಒಳಕ್ಕೆ ಸುತ್ತಿ ನಿಂತಿತ್ತು. ಹಾಗೆ ಸುತ್ತುವ ಕೈ ಲೋಕದಲ್ಲಿ ಒಂದೇ. ಅಂಚಿನಲ್ಲಿ ಅದೇ ಕೈ ಬರೆದಿತ್ತು: 'ಹಳ್ಳಿ ಮಾತು. ಬೇಡ.'

ಅವನಿಗೆ ಆ ಕರಡು ತಿದ್ದಿದ ಮಧ್ಯಾಹ್ನ ನೆನಪಾಯಿತು. ಇನ್ಸ್‌ಪೆಕ್ಟರ್ ಬೆವರಿದ ಅಂಗಿಯಲ್ಲಿ ಅಚ್ಚಿನ ಮನೆಯ ಬಾಗಿಲಲ್ಲಿ ನಿಂತು, "ಆ ಮಾತು ಬೇಕು ಸ್ವಾಮಿ, ಬೇಕು ಅಂತಲೇ ಹಾಕಿದೀನಿ" ಎಂದಿದ್ದ. ಇವನು ತಲೆ ಎತ್ತದೆ, "ಕೋಳಿ ಎಣಿಸೋದು ನೀವು ನೋಡ್ಕೊಳ್ಳಿ, ಭಾಷೆ ನಾನು ನೋಡ್ಕೋತೀನಿ" ಎಂದಿದ್ದ. ಪಕ್ಕದ ಮೇಜಿನವರು ನಕ್ಕಿದ್ದರು. ಆ ನಗು ಇವನಿಗೆ ಒಂದು ವಾರ ಸಾಕಾಗಿತ್ತು. ಮಾಡಿದ್ದುಣ್ಣೋ ಮಾರಾಯ ಎಂಬುದು ಅವನಿಗೆ ಗೊತ್ತಿದ್ದ ಗಾದೆಯೇ. ಆದರೆ ತಾನು ಮಾಡಿದ್ದನ್ನು ಪಕ್ಕದ ಕೋಣೆಯಲ್ಲಿ ಮಲಗಿದವಳು ಉಣ್ಣುತ್ತಾಳೆಂದು ಗಾದೆ ಹೇಳಿರಲಿಲ್ಲ.

"ಈಗ ಸರಿ ಮಾಡೋಕಾಗಲ್ವಾ?"

"ನಿಯಮ ತಿದ್ದಬೇಕಂದ್ರೆ ಸಭೆ ಒಪ್ಪಬೇಕು. ಸಭೆ ಕೂರೋದು ಯಾವಾಗ್ಲೋ, ಕೂತ್ರೆ ಜಗಳ ಮುಗಿಯೋದು ಯಾವಾಗ್ಲೋ. ಅಚ್ಚಿನ ತಪ್ಪು ಅಂತಾದ್ರೆ ಸಾಹೇಬರ ಸಹಿ ಸಾಕು, ಇವತ್ತೇ ಆಗುತ್ತೆ. ಆದ್ರೆ ತಿದ್ದಿದವನೇ ತಪ್ಪು ನಂದು ಅಂತ ಬರೆದುಕೊಡಬೇಕಲ್ಲ. ಅವನೆಲ್ಲಿ ಸಿಗ್ತಾನೆ?"

ಇಲ್ಲಿಂದಲೇ ತಿರುಗಿ ಹೋಗಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಹಾಗೇ ಉಳಿಯುತ್ತಿತ್ತು, ಒಂದು ಚುಕ್ಕೆಯಿಲ್ಲದೆ. ಸೋಮವಾರದಿಂದ ಮನೆಯಲ್ಲಿ ಆ ಇನ್ನೊಂದು ಬಗೆಯ ಮೌನವೂ ಇರುತ್ತಿತ್ತು, ಕಿವಿ ಹಿಂಡುವಂಥದ್ದು.

"ಕಾಗದ ಕೊಡಿ" ಎಂದ.

ಗುಮಾಸ್ತೆ ಕಾಗದ ಕೊಟ್ಟಳು. ಅವನ ಮುಖ ನೋಡಿದಳು, ಕಡತದ ಕೆಂಪು ಗೆರೆ ನೋಡಿದಳು, ಅವನ ಜೇಬಿನಲ್ಲಿದ್ದ ಕೆಂಪು ಪೆನ್ ನೋಡಿದಳು. ತುಟಿ ಅಲುಗಲಿಲ್ಲ. ಅವನು ನಾಲ್ಕು ಮನೆ ಎಳೆದ: ಪುಟ, ಸಾಲು, ತಪ್ಪು, ಒಪ್ಪು. ಹದಿನಾಲ್ಕು. ಒಂಬತ್ತು. ಕೋಳಿಗಳಿಗೆ. ಹೇಂಟೆಗಳಿಗೆ. ಅಡಿಯಲ್ಲಿ, ಮೂಲದಲ್ಲಿ ಸರಿಯಿದ್ದುದನ್ನು ತಿದ್ದಿ ಕೆಡಿಸಿದವನು ತಾನೇ ಎಂದು ಒಂದು ವಾಕ್ಯ, ಸಹಿ.

"ಮೇಲೆ ತಲೆಬರಹ ಹಾಕಿ ಸಾರ್. 'ತಪ್ಪೊಪ್ಪಿಗೆ' ಅಂತ."

ತಪ್ಪೊಪ್ಪಿಗೆ ಕಳ್ಳರು ಕೊಡುವುದು. ಇದಕ್ಕೆ ತಪ್ಪು–ಒಪ್ಪು ಎನ್ನಬೇಕು. ಅಚ್ಚಿನ ಮನೆಯ ಹುಡುಗರಿಗೂ ಗೊತ್ತಿರುವ ವ್ಯತ್ಯಾಸ ಅದು. ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಅವನು ಬಗ್ಗಿ, ಅವಳು ಹೇಳಿದ ಹಾಗೆಯೇ ಬರೆದ.

ಅವನು ಮನೆಗೆ ಬಂದಾಗ ಎರಡಾಗಿತ್ತು. ತಂಗಿ ಎದ್ದು ಕೂತಿದ್ದಳು, ಮಲಗಿದ ಗುರುತೇನೂ ಇರಲಿಲ್ಲ. ಸೂಟ್‌ಕೇಸಿನಲ್ಲಿ ಅವಳ ಬಿಳಿ ಯೂನಿಫಾರ್ಮುಗಳು ಮಡಚಿ ಬಿದ್ದಿದ್ದವು.

"ಹದಿನೈದು ದಿನದಲ್ಲಿ ಹುಂಜ ಸಾಗಿಸಬೇಕು ಅಂತ ಅವನಿಗೆ ನೋಟಿಸ್ ಹೋಗುತ್ತೆ" ಎಂದ. "ನಾಳೆ ಆಸ್ಪತ್ರೇಲಿ ಹೂಂ ಅನ್ನಬೇಡ."

"ನಿಯಮ ಅವರ ಕಡೆಗಿದೆ ಅಂದಿದ್ದೆ?"

"ಪುಸ್ತಕದಲ್ಲಿ ಒಂದು ಪದ ತಪ್ಪಾಗಿತ್ತು. ಯಾವನೋ ಅವಿವೇಕಿ ತಿದ್ದಿದ್ದ."

"ಯಾರಂತೆ?"

ಅವನು ಚಪ್ಪಲಿಯ ಬಾರು ಬಿಚ್ಚುತ್ತ ಕೂತ. ಆ ಬಾರಿನಲ್ಲಿ ಬಿಚ್ಚಲು ಅಷ್ಟೇನೂ ಇರಲಿಲ್ಲ. ಗೋಡೆಯ ಮೇಲಿಂದ ಹುಂಜ ಕುತ್ತಿಗೆ ನೀಡಿ, ದೀರ್ಘವಾಗಿ, ಊರಿಗೆಲ್ಲ ಕೇಳುವಂತೆ ಕೂಗಿತು.

"ಗೊತ್ತಾಯ್ತು ಬಿಡು" ಎಂದಳು ತಂಗಿ. ಅವಳು ನಗಲಿಲ್ಲ. ಸೂಟ್‌ಕೇಸಿನಿಂದ ಒಂದು ಯೂನಿಫಾರ್ಮ್ ತೆಗೆದು, ಕೊಡವಿ, ಮೊಳೆಗೆ ನೇತುಹಾಕಿದಳು.